ನಾಕಾಬಂದಿಯಲ್ಲಿ ಊದಿದ ಮೇಲೆ



ಊರಿನಲ್ಲಿ ಆಟಿ ಅಮಾವಾಸ್ಯೆಗೆ ಬೆಳಗಿನ ಜಾವವೇ ಎದ್ದು ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತೇವೆ. ಸಾಮಾನ್ಯವಾಗಿ ಅದೇ ಅಮಾವಾಸ್ಯೆಗೆ ಇಲ್ಲಿ ಗಟಾರಿ ಎಂದು ಹೆಸರು. ಶ್ರಾವಣ ಹಿಡಿಯುವ ಮೊದಲು ಕೊನೆಯ ಸಲ ಎಂದು ಜನ ಕುಡಿಯುವುದು ಕಷಾಯವನ್ನಲ್ಲ ಎಂಬುದು ನಿಮಗೂ ಗೊತ್ತು. ಆ ರಾತ್ರಿ, ಹೋಳಿಯ ದಿನ, ಡಿಸೆಂಬರ್ 31ರಂದು ಥಾಣೆಯ ಘೋಡ್‌ಬಂದರ್ ರಸ್ತೆ, ಕಲ್ಯಾಣ-ಶೀಳ್ ರಸ್ತೆ, ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ ಎಲ್ಲ ಕಡೆಯೂ ಹಳದಿ ಬ್ಯಾರಿಕೇಡು, ಕೈಯಲ್ಲಿ ಯಂತ್ರ ಹಿಡಿದ ಪೊಲೀಸರು. ಉಳಿದ ದಿನ ಇಲ್ಲವೆಂದಲ್ಲ. ಯಾವ ಶನಿವಾರವೂ ಇರಬಹುದು.

ಇದನ್ನು ನಮ್ಮವರಿಗೆ ಹೇಳಲೇಬೇಕೆಂದು ನಾನು ಹೊರಟದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಹೋಟೆಲು, ಪರ್ಮಿಟ್ ರೂಮು, ಕ್ಯಾಂಟೀನು ನಡೆಸುವವರು ಬಹಳ. ಶಟರ್ ಎಳೆದು, ಗಲ್ಲಾ ಲೆಕ್ಕ ಮುಗಿಸಿ, ಹುಡುಗರಿಗೆ ಊಟ ಹಾಕಿಸಿ ಹೊರಡುವಾಗ ರಾತ್ರಿ ಒಂದೂವರೆ. ದಿನದ ದಣಿವಿಗೆ ಒಂದು ಹಾಕಿಕೊಂಡು ಸ್ಕೂಟರ್ ಕಿಕ್ ಮಾಡುವ ಹೊತ್ತೂ, ನಾಕಾಬಂದಿಯ ಹೊತ್ತೂ ಒಂದೇ.

'ಒಂದೇ ಒಂದು ಲಾರ್ಜು ವಕೀಲರೇ' ಎಂದು ನನ್ನ ಕಚೇರಿಗೆ ಬಂದವರೆಲ್ಲ ಹೇಳುತ್ತಾರೆ. ಹಾಗಾದರೆ ಒಂದು ಲಾರ್ಜಿನ ಲೆಕ್ಕವನ್ನೇ ನೋಡೋಣ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ನಮ್ಮ ದೇಶದ ವಿಸ್ಕಿ ಸಾಮಾನ್ಯವಾಗಿ ಶೇಕಡಾ 42.8ರದ್ದು. 60 ಮಿಲಿಯಲ್ಲಿ ಅಪ್ಪಟ ಆಲ್ಕೋಹಾಲ್ ಸುಮಾರು 20 ಗ್ರಾಂ. 70 ಕಿಲೋ ತೂಗುವ ಗಂಡಸಿನ ರಕ್ತದಲ್ಲಿ ಅದು ಸುಮಾರು 40 ಮಿಲಿಗ್ರಾಂ ತೋರಿಸಬಹುದು. ಅಂದರೆ ಆ ಒಂದಕ್ಕೇ ಗೆರೆ ದಾಟಿತು. 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿ ಶೇಕಡಾ 8ರದ್ದಾದರೆ ಅದರ ಎರಡು ಪಟ್ಟು. 'ಬಿಯರ್ ತಾನೆ' ಎನ್ನುವವರು ಇದನ್ನು ಬರೆದಿಟ್ಟುಕೊಳ್ಳಿ. ದೇಹ ಇದನ್ನು ಇಳಿಸುವುದು ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂ. ಲಿಂಬೆ ಹುಳಿ, ಮಜ್ಜಿಗೆ, ಕಟ್ಟಿಂಗ್ ಚಹಾ, ತಣ್ಣೀರು ಸ್ನಾನ, ಪಾನ್ ಯಾವುದೂ ಈ ಲೆಕ್ಕವನ್ನು ಬದಲಾಯಿಸುವುದಿಲ್ಲ. ತಡರಾತ್ರಿ ಮುಗಿಸಿದ ನಾಲ್ಕು ಲಾರ್ಜು, ಬೆಳಿಗ್ಗೆ ಆರಕ್ಕೆ ನೀವು ತರಕಾರಿಗೆಂದು ವಾಶಿಯ ಎಪಿಎಂಸಿಗೆ ಟೆಂಪೋ ತೆಗೆದಾಗಲೂ ಮಿತಿಯ ಮೇಲೆಯೇ ಇರಬಹುದು. ನಿದ್ದೆ ಆಗಿದೆ, ತಲೆ ಹಗುರವಾಗಿದೆ. ಆದರೆ ಯಂತ್ರ ನಿಮ್ಮ ತಲೆಯನ್ನು ಕೇಳುವುದಿಲ್ಲ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು. ಮೊದಲ ಸಲ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲವಾದರೆ ಎರಡು ವರ್ಷದವರೆಗೆ ಸೆರೆ, 15,000 ದಂಡ. 2019ರ ತಿದ್ದುಪಡಿಗೆ ಮೊದಲು ಈ ದಂಡ 2,000 ಮತ್ತು 3,000 ಇತ್ತು. ಆದರೆ ಜನ ದಂಡವನ್ನೇ ನೋಡುತ್ತಾರೆ, ಅದರ ಹಿಂದೆ ಇರುವ 20ನೇ ಕಲಮನ್ನು ನೋಡುವುದಿಲ್ಲ. 185ರಲ್ಲಿ ಶಿಕ್ಷೆಯಾದರೆ ನ್ಯಾಯಾಲಯ ಕನಿಷ್ಠ ಆರು ತಿಂಗಳು ಲೈಸೆನ್ಸಿಗೆ ಅನರ್ಹಗೊಳಿಸಬೇಕು ಎಂದು ಅದು ಹೇಳುತ್ತದೆ. ರಿಕ್ಷಾ, ಟೆಂಪೋ, ಟ್ಯಾಕ್ಸಿಯಲ್ಲೇ ಅನ್ನ ಕಾಣುವವನಿಗೆ ಹತ್ತು ಸಾವಿರಕ್ಕಿಂತ ಈ ಆರು ತಿಂಗಳೇ ಭಾರ. ಮಾಲೀಕರಿಗೂ ಒಂದು ಮಾತು. ಕುಡಿದಿದ್ದಾನೆಂದು ಗೊತ್ತಿದ್ದೂ 'ಹೋಗು, ಸಾಮಾನು ಹಾಕಿ ಬಾ' ಎಂದು ಕೀಲಿ ಕೈ ಕೊಟ್ಟರೆ, 188ನೇ ಕಲಮಿನಂತೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ.

ಮತ್ತೊಂದು ಸಂಗತಿ. ಸಿಗ್ನಲ್ ದಾಟಿದ್ದಕ್ಕೆ, ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ಚಲನ್ ಹರಿದು ಮುಗಿಸಿದಂತೆ ಇದನ್ನು ಮುಗಿಸಲು ಬರುವುದಿಲ್ಲ. 185 ಕೋರ್ಟಿಗೇ ಹೋಗಬೇಕು. ಆದ್ದರಿಂದ ಬ್ಯಾರಿಕೇಡಿನ ಪಕ್ಕ ಯಾರ ಕೈಗಾದರೂ ನೀವು ತುರುಕುವ ನೋಟು ದಂಡವಲ್ಲ, ಲಂಚ. ಅದು ಬೇರೆಯೇ ಅಪರಾಧ.

ಹಿಡಿದಾಗ ಏನು ಮಾಡಬೇಕು? ಮೊದಲನೆಯದು, ಜಗಳ ಬೇಡ, ಓಡುವುದಂತೂ ಬೇಡವೇ ಬೇಡ. ಊದಲು ಹೇಳಿದರೆ ಊದಿ. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದರೆ, ಆ ನಿರಾಕರಣೆಯನ್ನೇ ನಿಮ್ಮ ವಿರುದ್ಧ ಬಳಸಲು 205ನೇ ಕಲಮಿನಲ್ಲಿ ಅವಕಾಶವಿದೆ. ರಕ್ತದ ಮಾದರಿಯನ್ನೂ ತೆಗೆಸಬಹುದು. ಬಾಯಿಯಲ್ಲೇ ಉಳಿದ ಆಲ್ಕೋಹಾಲ್ ಯಂತ್ರವನ್ನು ದಾರಿ ತಪ್ಪಿಸುತ್ತದೆ ಎಂಬುದು ನಿಜ. ಆಗ ತಾನೇ ಮೌತ್‌ವಾಶ್ ಬಳಸಿದ್ದರೆ ಅಥವಾ ಕೆಮ್ಮಿನ ಔಷಧಿ ಕುಡಿದಿದ್ದರೆ ಹಾಗೆಂದು ಹೇಳಿ, ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ಊದಿಸಲು ಕೇಳಿ. ಯಂತ್ರದಿಂದ ಬರುವ ಚೀಟಿಯಲ್ಲಿ ಹೊತ್ತು, ಅಂಕಿ ನೋಡದೆ ಸಹಿ ಮಾಡಬೇಡಿ. 185ರಲ್ಲಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ತಪಾಸಣೆ ಆಗಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು ಎಂದು 202ನೇ ಕಲಮು ಹೇಳುತ್ತದೆ. ಹೊತ್ತು ಯಾಕೆ ನೋಡಿಡಬೇಕು ಎಂದರೆ ಇದಕ್ಕೆ. ಅಪಘಾತವೇನೂ ಆಗದೆ 185 ಒಂದೇ ಇದ್ದರೆ ಅದು ಜಾಮೀನು ಸಿಗುವ ಅಪರಾಧ. ಠಾಣೆಯಲ್ಲೇ ಜಾಮೀನು ಕೊಟ್ಟು ಹೊರಬರಬಹುದು. ಮನೆಯವರಿಗೆ ತಿಳಿಸುವುದು, ವಕೀಲರನ್ನು ಕರೆಸುವುದು ನಿಮ್ಮ ಹಕ್ಕು. ಹೆಂಗಸರನ್ನು, ತೀರಾ ವಿಶೇಷ ಸಂದರ್ಭ ಬಿಟ್ಟರೆ, ಸೂರ್ಯಾಸ್ತದ ಮೇಲೆ ಬಂಧಿಸುವಂತಿಲ್ಲ.

ಕೋರ್ಟು ಯಾವುದು ಎಂಬುದರಲ್ಲೂ ನಮ್ಮವರು ತಪ್ಪುತ್ತಾರೆ. ಡೊಂಬಿವಲಿಯಲ್ಲಿ ಸಿಕ್ಕಿದರೆ ಕಲ್ಯಾಣ ಕೋರ್ಟು. ವಾಶಿ, ನೆರೂಳ್‌ನವರಿಗೆ ಬೇಲಾಪುರದ ಕಡೆ. ಖಾರ್‌ಘರ್, ಕಾಮೋಠೆ ನವಿ ಮುಂಬಯಿ ಪೊಲೀಸರ ಕೆಳಗಿದ್ದರೂ ಜಿಲ್ಲೆ ರಾಯಗಡ, ಹಾಗಾಗಿ ಪನ್ವೇಲ್.

ಈಗ ನಾನು ಮರೆಯಲಾಗದ ಒಂದು ಪ್ರಕರಣ. ಹೆಸರು ಬೇಡ. ಉಡುಪಿ ಕಡೆಯ ಹುಡುಗ, ಡೊಂಬಿವಲಿಯಲ್ಲಿ ಒಂದು ಹೋಟೆಲಿನ ಮ್ಯಾನೇಜರ್. 2016ರಲ್ಲಿ ಕಟಾಯಿ ನಾಕಾದ ಹತ್ತಿರ ಸಿಕ್ಕಿಬಿದ್ದ. ಯಾರಿಗೂ ತಾಗಿಸಿರಲಿಲ್ಲ, ಬಿದ್ದಿರಲಿಲ್ಲ. ಕೋರ್ಟಿನ ಗೇಟಿನ ಹತ್ತಿರ ಒಬ್ಬ ಸಿಕ್ಕಿ, 'ಹದಿನೈದು ಸಾವಿರ ಕೊಡು, ನೀನು ಬರುವುದೇ ಬೇಡ, ಫೈಲು ಮುಚ್ಚಿಸುತ್ತೇನೆ' ಎಂದನಂತೆ. ಹುಡುಗ ಸಾಲ ಮಾಡಿ ಕೊಟ್ಟ. ಆಗ ಕಾನೂನಿನಲ್ಲಿದ್ದ ಅತಿ ಹೆಚ್ಚಿನ ದಂಡ ಎಷ್ಟು? ಎರಡು ಸಾವಿರ.

ಮೂರು ವರ್ಷ ಏನೂ ಸುದ್ದಿಯಿಲ್ಲ. 2019ರಲ್ಲಿ ದೋಹಾದಲ್ಲಿ ಕೆಲಸ ಸಿಕ್ಕಿತು, ಪಾಸ್‌ಪೋರ್ಟ್ ನವೀಕರಣಕ್ಕೆ ಹಾಕಿದ. ಪೊಲೀಸ್ ತಪಾಸಣೆಯಲ್ಲಿ ಹೊರಬಂತು: ಪ್ರಕರಣ ಬಾಕಿ, ಸಮನ್ಸಿಗೆ ಹಾಜರಾಗಿಲ್ಲ, ವಾರಂಟು ಹೊರಟಿದೆ. ತಾಯಿಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದ. ಆಕೆ ಕುರ್ಚಿಯ ತುದಿಯಲ್ಲಿ ಕುಳಿತು, 'ವಕೀಲರೇ, ಇವ ಕಳ್ಳತನ ಮಾಡಿದವನಲ್ಲ ಮಾರಾಯ್ರೇ, ಹೀಗೆ ವಾರಂಟು ಹಾಕುವುದುಂಟಾ?' ಎಂದರು. 'ಅಮ್ಮ, ಕೋರ್ಟಿಗೆ ಬರದವರಿಗೆ ಹಾಕುತ್ತಾರೆ' ಎಂದೆ. ಬೇರೆ ಏನು ಹೇಳಲಿ?

ಹಾಜರುಪಡಿಸಿ ವಾರಂಟು ರದ್ದು ಮಾಡಿಸಿದೆ. ಕಾಗದ ತೆಗೆಸಿ ನೋಡಿದರೆ ಚೀಟಿ ಇತ್ತು, ವೈದ್ಯರ ವರದಿ ಇತ್ತು, ಹೊತ್ತೂ ಸರಿಯಿತ್ತು. ಹೋರಾಡಲು ಏನೂ ಇರಲಿಲ್ಲ. ತಪ್ಪೊಪ್ಪಿಕೊಳ್ಳಲು ಹೇಳಿದೆ. ಅಪರಾಧ ನಡೆದಾಗ ಇದ್ದ ಶಿಕ್ಷೆಯೇ ಅನ್ವಯ, ಆಮೇಲೆ ಹೆಚ್ಚಿಸಿದ್ದಲ್ಲ; ಇದು ಸಂವಿಧಾನದ 20ನೇ ವಿಧಿಯ ಮಾತು. ಎರಡು ಸಾವಿರ ಕಟ್ಟಿದ, ಆರು ತಿಂಗಳು ಲೈಸೆನ್ಸು ಹೋಯಿತು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ದೋಹಾದವರು ಬೇರೆ ಹುಡುಗನನ್ನು ತೆಗೆದುಕೊಂಡಿದ್ದರು. ಬಾಕಿ ಪ್ರಕರಣವಿದ್ದವರಿಗೂ ಕೋರ್ಟಿನ ಅನುಮತಿ ಪಡೆದು ಪಾಸ್‌ಪೋರ್ಟ್ ಕೇಳಲು 1993ರ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿ ದಾರಿಯಿದೆ. ಆದರೆ ಪ್ರಕರಣ ಬಾಕಿಯಿದೆ ಎಂದು ಗೊತ್ತಿದ್ದವನು ಮಾತ್ರ ಆ ದಾರಿ ಹಿಡಿಯಬಲ್ಲ. ಈಗ ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ ಹದಿನಾರು ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಮೊಬೈಲಿನಲ್ಲೇ ಮುಂದಿನ ತಾರೀಖು ನೋಡಬಹುದು. ವಕೀಲರಿಂದ ಮೊದಲು ಅದನ್ನು ಬರೆಸಿಕೊಳ್ಳಿ.

ಹಾಗಾದರೆ ಎಂಥ ವಕೀಲರನ್ನು ಹಿಡಿಯಬೇಕು? ಅದೇ ಕೋರ್ಟಿನಲ್ಲಿ ದಿನಾ ನಿಲ್ಲುವವರನ್ನು. ದೂರದ ದೊಡ್ಡ ಹೆಸರಿಗಿಂತ ಇದು ಮೇಲು. ಗೇಟಿನಲ್ಲಿ ತೋಳು ಹಿಡಿದು ಎಳೆಯುವವನು ವಕೀಲನಲ್ಲ, ದಲ್ಲಾಳಿ. ವಕೀಲರು ಜಾಹೀರಾತು ಮಾಡುವುದಕ್ಕೇ ಬಾರ್ ಕೌನ್ಸಿಲಿನ ನಿಯಮದಲ್ಲಿ ಅಡ್ಡಿಯಿದೆ. ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿನ ಸನದು ಸಂಖ್ಯೆ ಕೇಳಿ. ಕೇಳಿದರೆ ನಮಗೆ ಸಿಟ್ಟು ಬರುವುದಿಲ್ಲ, ಬಂದರೆ ಎದ್ದು ಬನ್ನಿ. ಫೀಸು ಎಷ್ಟು, ಎಷ್ಟು ತಾರೀಖಿಗೆ ಎಂದು ಮೊದಲೇ ಮಾತಾಡಿ ರಸೀದಿ ಪಡೆಯಿರಿ. 'ಗೆದ್ದರೆ ಇಷ್ಟು, ಸೋತರೆ ಬೇಡ' ಎಂಬ ಕರಾರು ನಿಯಮಕ್ಕೆ ವಿರುದ್ಧ. ವಕಾಲತ್ನಾಮೆಯನ್ನು ಖಾಲಿ ಬಿಟ್ಟು ಸಹಿ ಮಾಡಬೇಡಿ. 'ನೂರಕ್ಕೆ ನೂರು ಬಿಡಿಸುತ್ತೇನೆ' ಎಂದವರಿಗೆ ನಮಸ್ಕಾರ ಹೇಳಿ.

ಹಣವಿಲ್ಲದವರು ಕೈಚೆಲ್ಲಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ. ದೂರವಾಣಿ 15100.

ಒಳ್ಳೆಯ ವಕೀಲರು ಏನು ನೋಡುತ್ತಾರೆ? ಓಡಿಸುತ್ತಿದ್ದವರು ನೀವೇ ಎಂಬುದಕ್ಕೆ ಸಾಕ್ಷಿ ಏನು, ಯಂತ್ರವನ್ನು ಕಾಲಕಾಲಕ್ಕೆ ಸರಿಹೊಂದಿಸಿದ ದಾಖಲೆ ಇದೆಯೇ, ವೈದ್ಯರು ನೋಡಿದ್ದು ಎಷ್ಟು ಹೊತ್ತಿಗೆ, ರಕ್ತದ ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು. ಬಾಯಿ ವಾಸನೆ, ತೂರಾಡುವ ನಡಿಗೆ ಇಷ್ಟರಿಂದಲೇ ಕುಡಿದಿದ್ದನೆಂದು ಖಚಿತವಾಗಿ ಹೇಳಲಾಗದು ಎಂದು ಸುಪ್ರೀಂ ಕೋರ್ಟು 1971ರಲ್ಲೇ ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಆದರೆ ವಿಮೆಯವರ ಮುಂದೆ ಈ ಮಾತು ನಡೆಯುವುದಿಲ್ಲ. ಊದಿಸಿದ ಪರೀಕ್ಷೆ ಇಲ್ಲದಿದ್ದರೂ ಬೇರೆ ಸನ್ನಿವೇಶಗಳಿಂದ ಕುಡಿದದ್ದು ಕಂಡುಬಂದರೆ ವಿಮಾ ಕಂಪನಿ ನಿಮ್ಮ ಕಾರಿನ ನಷ್ಟ ಕೊಡಲು ಒಪ್ಪದಿರಬಹುದು ಎಂದು ಅದೇ ಕೋರ್ಟು 2021ರಲ್ಲಿ ತೀರ್ಪು ಕೊಟ್ಟಿತು.

ಇಷ್ಟು ಹೊತ್ತು ಯಾರಿಗೂ ಏನೂ ಆಗದ ಪ್ರಕರಣದ ಮಾತಾಯಿತು. ಆದರೆ ಹೇಗೆ? 2006ರ ನವೆಂಬರ್ 12ರ ನಸುಕಿನಲ್ಲಿ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಅಲಿಸ್ಟರ್ ಪರೇರಾ ಓಡಿಸುತ್ತಿದ್ದ ಕಾರು ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಯವರ ಮೇಲೆ ಹರಿಯಿತು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಕೆಳಗಿನ ಕೋರ್ಟು 2007ರಲ್ಲಿ ನಿರ್ಲಕ್ಷ್ಯ ಎಂದು ಆರು ತಿಂಗಳ ಸೆರೆ, ಐದು ಲಕ್ಷ ಕೊಟ್ಟಿತು. ಊರೆಲ್ಲ ಗಲಾಟೆಯಾಯಿತು. ಅದೇ ವರ್ಷ ಬಾಂಬೆ ಹೈಕೋರ್ಟು ಇದನ್ನು ಕೊಲೆಯಲ್ಲದ ನರಹತ್ಯೆ ಎಂದು ಮಾಡಿ ಮೂರು ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಕುಡಿದು ಓಡಿಸಿದರೆ ಜೀವ ಹೋದೀತು ಎಂಬ ಅರಿವು ಓಡಿಸುವವನಿಗೆ ಇದ್ದೇ ಇರುತ್ತದೆ ಎಂಬ ನೆಲೆಯಲ್ಲಿ ಈಗ ಪೊಲೀಸರು ನೇರವಾಗಿ ಈ ಕಲಮು ಹಾಕುವುದುಂಟು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 105. ನಿರ್ಲಕ್ಷ್ಯದ ಸಾವಿಗೂ 106ರಲ್ಲಿ ಹಳೆಯ ಎರಡು ವರ್ಷದ ಬದಲು ಐದು ವರ್ಷದವರೆಗೆ ಸೆರೆ. ಆಗ ಠಾಣೆಯಲ್ಲಿ ಜಾಮೀನು, ಎರಡು ಗಂಟೆ, ಹದಿನೈದು ನಿಮಿಷ ಈ ಮಾತೆಲ್ಲ ಬಹಳ ಸಣ್ಣದಾಗಿ ಕೇಳುತ್ತದೆ. ಇಂಥ ಪ್ರಕರಣದಲ್ಲಿ ನಾನು ಒಮ್ಮೆ ಮಾತ್ರ ನಿಂತಿದ್ದೇನೆ. ಆರೋಪಿಗೂ ವಕೀಲ ಬೇಕು, ಅದು ನನ್ನ ಕಸುಬು. ಆದರೆ ಪ್ರತಿ ತಾರೀಖಿಗೂ ಬಾಗಿಲ ಬಳಿಯ ಬೆಂಚಿನಲ್ಲಿ ಬಂದು ಕುಳಿತುಕೊಳ್ಳುತ್ತಿದ್ದ ಆ ಹೆಂಗಸಿನ ಕಡೆ ನೋಡದೆ ಒಳಗೆ ಹೋಗುವುದನ್ನು ನಾನು ಕಲಿಯಲಿಲ್ಲ.

ಕೊನೆಗೆ ಅಂಬರನಾಥದ ಕೇಳುಗರೊಬ್ಬರ ಪ್ರಶ್ನೆ. 'ಕುಡಿದಿದ್ದೆ, ಆದರೆ ಓಡಿಸಲಿಲ್ಲ. ಬಾರಿನ ಎದುರು ಅಡ್ಡ ನಿಂತಿದ್ದ ಬೈಕನ್ನು ಸ್ಟಾರ್ಟ್ ಮಾಡಿ ಬದಿಗೆ ಇಡಲು ಹೋದೆ. ಅದೂ ಅಪರಾಧವೇ?' 185ನೇ ಕಲಮಿನಲ್ಲಿರುವ ಮಾತು 'ಓಡಿಸುವಾಗ ಅಥವಾ ಓಡಿಸಲು ಪ್ರಯತ್ನಿಸುವಾಗ' ಎಂದು. ಕೀಲಿ ತಿರುಗಿಸಿದ್ದು ಯಾಕೆ ಎಂದು ನೀವು ಕೋರ್ಟಿಗೆ ವಿವರಿಸಬಹುದು, ಒಪ್ಪಲೂಬಹುದು. ಆದರೆ ವಿವರಿಸಲು ಎಷ್ಟು ತಾರೀಖು ಬೇಕಾದೀತು ಎಂದು ನನ್ನನ್ನು ಕೇಳಬೇಡಿ. ಕೀಲಿಯನ್ನು ವಾಚ್‌ಮನ್ ಕೈಗೆ ಕೊಟ್ಟು, 'ಭಾವು, ಜರಾ ಬಾಜೂಲಾ ಘ್ಯಾ' ಎನ್ನಿ, ರಿಕ್ಷಾ ಹಿಡಿಯಿರಿ.