ಒಪ್ಪಿದ ಕೆಲಸ, ತಪ್ಪಿದ ಮಾತು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಾಧನೆ ಹೇಳಿಕೊಳ್ಳುವುದು ವಾಡಿಕೆ. ನಾವು ಒಂದು ಎಡವಟ್ಟಿನ ಕಥೆ ಹೇಳುತ್ತೇವೆ, ಬೇಜಾರು ಮಾಡ್ಕೋಬೇಡಿ.

ಸಂಘ ಶುರುವಾದ ಹೊಸತರಲ್ಲಿ ಹಾಲು ಪರೀಕ್ಷಕರ ಕೆಲಸಕ್ಕೆ ಇಬ್ಬರು ಬಂದಿದ್ದರು. ಹಳೇಬೀಡು ಕಡೆಯ ಹುಡುಗನನ್ನು ಆರಿಸಿದೆವು. "ಸೋಮವಾರ ಬೆಳಿಗ್ಗೆ ಬರ್ತೀನಿ" ಅಂದ. ನಮ್ಮೂರಿನವನಿಗೆ ಇಲ್ಲವೆಂದೆವು, ಅವನು ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ. ಸೋಮವಾರ ಸದಸ್ಯರು ಹಾಲು ತಂದು ಸಾಲು ನಿಂತರು, ಹುಡುಗ ಬರಲಿಲ್ಲ. ಬೇರೆ ಕಡೆ ಹೆಚ್ಚು ಸಂಬಳಕ್ಕೆ ಸೇರಿದನೆಂದು ಮಧ್ಯಾಹ್ನ ಸುದ್ದಿ ಬಂತು. ಹಾಲಿನ ಲಾರಿ ಅಲ್ಲಿತನಕ ಕಾಯುತ್ತದೆಯೇ? ಜಿಡ್ಡು ನೋಡದೆ ಅಳೆದುಕೊಂಡು ಎಲ್ಲರಿಗೂ ಒಂದೇ ದರ ಹಾಕಿದೆವು. ಎಮ್ಮೆ ಸಾಕಿದ್ದ ಅಜ್ಜಿಯೊಬ್ಬರು "ನನ್ನ ಗಟ್ಟಿ ಹಾಲಿಗೆ ಬೆಲೆ ಇಲ್ವೇನಪ್ಪಾ?" ಅಂದದ್ದು ಇನ್ನೂ ಕಿವಿಯಲ್ಲಿದೆ.

ಕೋರ್ಟಿಗೆ ಹೋಗೋಣ ಎಂಬ ಮಾತೂ ಬಂತು. 1872ರ ಕರಾರು ಕಾಯ್ದೆಯಂತೆ, ಕೊಟ್ಟ ಒಪ್ಪಿಗೆ ಎದುರಿನವರಿಗೆ ತಲುಪುವ ಮುಂಚೆ ಹಿಂತೆಗೆದುಕೊಳ್ಳಬಹುದು, ತಲುಪಿದ ಮೇಲೆ ಆಗದು. ಆದರೂ ಮನಸ್ಸಿಲ್ಲದವನನ್ನು ದುಡಿಯಲೇಬೇಕೆಂದು ಕೋರ್ಟು ಕಟ್ಟಿಹಾಕುವುದಿಲ್ಲ. ಕೇಳಿದರೆ ನಷ್ಟ ಕೇಳಬೇಕು ಅಷ್ಟೆ. ಅದನ್ನಾದರೂ ಯಾವ ಮುಖ ಹೊತ್ತು ಕೇಳುವುದು? ನಾವು ನೇಮಕದ ಪತ್ರವನ್ನೇ ಕೊಟ್ಟಿರಲಿಲ್ಲ. ಸಂಬಳ "ಆಮೇಲೆ ನೋಡೋಣ" ಎಂದಿದ್ದೆವು. ತಪ್ಪು ಅರ್ಧ ನಮ್ಮದೇ.

ಬೆಂಗಳೂರಿಗೆ ಹೋದವನಿಗೆ ಹೇಳಿಕಳಿಸಿದೆವು. "ಇಲ್ಲಿ ಸೇರ್ತೀನಿ ಅಂತ ಮಾತು ಕೊಟ್ಟಿದ್ದೀನಿ, ಹೆಂಗೆ ಬರಲಿ?" ಅಂದ. ನಾವು ಕಳೆದುಕೊಂಡದ್ದು ಎಂಥವನನ್ನು ಎಂದು ಆಗ ತಿಳಿಯಿತು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಗರುಡಗಂಬ ನೋಡಿದ್ದೀರಿ. ಇಮ್ಮಡಿ ವೀರಬಲ್ಲಾಳನಿಗೆ ಮಾತು ಕೊಟ್ಟಿದ್ದ ಕುವರ ಲಕ್ಷ್ಮ ದಂಡನಾಯಕ ಪ್ರಾಣವನ್ನೇ ಒಪ್ಪಿಸಿದ ನೆನಪು ಅದು. ಇವತ್ತು ಯಾರೂ ಪ್ರಾಣ ಕೇಳುವುದಿಲ್ಲ. ಒಳ್ಳೆ ಕೆಲಸ ಸಿಕ್ಕರೆ ಧಾರಾಳವಾಗಿ ಹೋಗಿ. ಆದರೆ ನಾಲ್ಕು ದಿನ ಮುಂಚೆ ಬಂದು "ಅಣ್ಣಾ, ನನಗೆ ಆಗಲ್ಲ" ಅನ್ನಿ. ಎರಡನೆಯವನಿಗಾದರೂ ಅನ್ನ ಸಿಗುತ್ತದೆ.

ಅಂದಿನಿಂದ ನಮ್ಮ ಸಂಘದಲ್ಲಿ ಸಂಬಳ, ಸೇರುವ ದಿನ ಎರಡನ್ನೂ ಬರೆದು ಕೊಡುತ್ತೇವೆ. ಒಬ್ಬರು ಬಂದು ಸೇರುವತನಕ ಇನ್ನೊಬ್ಬರಿಗೆ ಇಲ್ಲ ಎನ್ನುವುದಿಲ್ಲ. ಮುಂದಿನ ಮಂಡಳಿಯವರೂ ಇದನ್ನು ಬಿಡಬಾರದೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.