ನಾಡನ್ನು ನಡೆಸಿದವರು ಎಲ್ಲಿಂದ ಬಂದರು?

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಒಂದು ಪ್ರಾಂತದ ಏಳಿಗೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಕಟ್ಟೆಗಳನ್ನೂ ಕಾರಖಾನೆಗಳನ್ನೂ ರೈಲುದಾರಿಗಳನ್ನೂ ಎಣಿಸುತ್ತೇವೆ. ಅವುಗಳನ್ನು ಮಾಡಿಸಿದವರನ್ನು ಹೊಗಳಿ ಅವರ ಭಾವಚಿತ್ರಗಳಿಗೆ ಹಾರ ಹಾಕುತ್ತೇವೆ. ಆದರೆ ಅವರು ಆ ಪೀಠವನ್ನು ಏರುವ ಮುನ್ನ ಏನು ಮಾಡುತ್ತಿದ್ದರು, ಯಾವ ಮನೆಯಲ್ಲಿ ಹುಟ್ಟಿ ಯಾವ ಕಚೇರಿಯಲ್ಲಿ ಪಳಗಿದರು, ಆ ಪಳಗುವಿಕೆಯಿಂದ ಅವರ ಕಣ್ಣಿಗೆ ಏನು ಕಂಡಿತು, ಏನು ಕಾಣದೆ ಹೋಯಿತು ಎಂದು ಕೇಳುವವರು ವಿರಳ. ಮಕ್ಕಳಿಗೆ ನಾಡಿನ ಚರಿತ್ರೆಯನ್ನು ಹೇಳಿಕೊಡುವ ತಮ್ಮ ಮುಂದೆ ಆ ಪ್ರಶ್ನೆಯನ್ನೇ ಇಡಬೇಕೆಂದು ನಮ್ಮ ಮನಸ್ಸು. ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಹಳೆಯ ಮೈಸೂರು ಸಂಸ್ಥಾನದ ದಿವಾನರೇ ಸಾಕು.

ನಮ್ಮದು ಉಷ್ಣವಲಯದ ನಾಡು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೩ ಅಂಶಗಳಷ್ಟೆ. ಇಲ್ಲಿ ಮಳೆ ವರ್ಷದಲ್ಲಿ ಕೆಲವೇ ತಿಂಗಳು ಬರುವುದು. ಉಳಿದ ತಿಂಗಳುಗಳಲ್ಲಿ ಬಿಸಿಲು ಕುಡಿದು ಉಳಿಸಿದ ಕೆರೆಯ ನೀರೇ ಗತಿ. ಆ ಮಳೆ ಎರಡು ವರ್ಷ ಕೈಕೊಟ್ಟರೆ ಏನಾಗುವುದೆಂಬುದನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳಲ್ಲಿ ಕಂಡರು. ೧೮೭೧ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ೫೦ ಲಕ್ಷವನ್ನು ಮೀರಿತ್ತು. ೧೮೮೧ರಲ್ಲಿ ಎಣಿಸಿದಾಗ ೪೨ ಲಕ್ಷವೂ ತುಂಬಲಿಲ್ಲ. ಹೀಗೆ ಅರೆಜೀವವಾಗಿದ್ದ ಸೀಮೆಯನ್ನು ಐವತ್ತು ವರ್ಷ ಆಳಿದ ಮೇಲೆ, ೧೮೮೧ರ ಮಾರ್ಚಿ ೨೫ರಂದು ಆಂಗ್ಲರು ಒಡೆಯರಿಗೆ ಹಿಂದಿರುಗಿಸಿದರು. ಜೊತೆಗೆ ಕ್ಷಾಮದ ಸಾಲ ೮೦ ಲಕ್ಷ ರೂಪಾಯಿಯನ್ನೂ ತಲೆಗೆ ಕಟ್ಟಿದರು. ರಾಜ್ಯವನ್ನು ಕೊಟ್ಟವರು ಲೆಕ್ಕವನ್ನು ಮರೆಯಲಿಲ್ಲ!

ಆ ಭಾರವನ್ನು ಹೊತ್ತ ಮೊದಲನೆಯವರು ರಂಗಾಚಾರ್ಲು. ಚೆಂಗಲ್ಪಟ್ಟು ಜಿಲ್ಲೆಯವರು, ತಂದೆ ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರು. ಮಗನೂ ಮದ್ರಾಸು ಇಲಾಖೆಯ ಕಂದಾಯದ ಕೆಲಸದಲ್ಲಿ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಿದವರು. ಇನಾಮು ಜಮೀನುಗಳ ತನಿಖೆಯಲ್ಲಿ ಪಳಗಿದವರು. ೧೮೬೮ರಲ್ಲಿ ಅರಮನೆಯ ವ್ಯವಹಾರಗಳನ್ನು ಸರಿಪಡಿಸಲು ಮೈಸೂರಿಗೆ ಬಂದರು. ಪತ್ರಗಳ ಕಟ್ಟುಗಳ ನಡುವೆ ಬೆಳೆದವರಿಗೆ ಸರಕಾರದ ಹಣ ಎಲ್ಲಿ ಸೋರುತ್ತದೆಂಬುದು ಬೇಗ ತಿಳಿಯುತ್ತದೆ. ೧೮೭೪ರಲ್ಲಿಯೇ ಮೈಸೂರಿನ ಆಂಗ್ಲ ಆಡಳಿತವನ್ನು ವಿಮರ್ಶಿಸಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ದಿವಾನಗಿರಿಗೆ ಬಂದ ವರ್ಷವೇ, ಅಕ್ಟೋಬರ ೭ರಂದು, ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ರೈತರೂ ವರ್ತಕರೂ ಸೇರಿ ೧೪೪ ಜನ ಬಂದರು. ಅವರಿಗೆ ಅಧಿಕಾರವೇನೂ ಇರಲಿಲ್ಲ. ಕೇಳುವುದು, ಹೇಳಿಕೊಳ್ಳುವುದು, ಅಷ್ಟೆ. ಆದರೂ ಸಂಸ್ಥಾನದ ಅಮಾತ್ಯನು ರೈತರೆದುರು ನಿಂತು ಜಮಾಖರ್ಚಿನ ವಿವರ ಹೇಳಿದುದು ಅಂದಿನ ಹಿಂದೂಸ್ಥಾನದಲ್ಲಿ ಹೊಸ ಸಂಗತಿ. ೧೮೮೩ರ ಜನವರಿಯಲ್ಲಿ ಅವರು ತೀರಿಕೊಂಡರು. ಎರಡು ವರ್ಷವೂ ಪೂರ್ಣವಾಗಲಿಲ್ಲ.

ಅವರ ನಂತರ ಬಂದ ಶೇಷಾದ್ರಿ ಅಯ್ಯರವರು ಪಾಲಘಾಟಿನ ಕಡೆಯವರು. ವಕೀಲರ ಮನೆತನ, ತಾವೂ ನ್ಯಾಯಶಾಸ್ತ್ರವನ್ನು ಓದಿದವರು. ಅವರೂ ಮೈಸೂರಿಗೆ ಬಂದುದು ೧೮೬೮ರಲ್ಲಿಯೇ. ದಿವಾನರಾಗುವ ಮುನ್ನ ೧೫ ವರ್ಷ ಈ ಸೀಮೆಯ ನ್ಯಾಯದ ಕಚೇರಿಯಲ್ಲಿ, ಜಿಲ್ಲೆಯ ಆಡಳಿತದಲ್ಲಿ ಸವೆದರು. ಆಮೇಲೆ ೧೮ ವರ್ಷ ದಿವಾನಗಿರಿ ಮಾಡಿದರು. ವಕೀಲನ ಗುಣ ಅವರ ಕೆಲಸದಲ್ಲೆಲ್ಲ ಕಾಣುವುದು: ಕರಾರನ್ನು ಬಿಗಿಯಾಗಿ ಬರೆಯುವುದು, ಎದುರಾಳಿಯ ಅವಶ್ಯಕತೆಯನ್ನು ತನ್ನ ಲಾಭಕ್ಕೆ ತಿರುಗಿಸುವುದು. ಕೋಲಾರದ ಚಿನ್ನದ ಗಣಿಗಳು ಲಂಡನ್ನಿನ ಕಂಪನಿಯವರ ಕೈಯಲ್ಲಿದ್ದವು. ಅವರಿಗೆ ಯಂತ್ರಗಳನ್ನು ತಿರುಗಿಸುವ ಶಕ್ತಿ ಬೇಕಾಗಿತ್ತು. ನಮ್ಮಲ್ಲಿ ಶಿವನಸಮುದ್ರದ ಜಲಪಾತ ಸುಮ್ಮನೆ ಬೀಳುತ್ತಿತ್ತು. ಸುಮಾರು ೯೨ ಮೈಲಿ ದೂರಕ್ಕೆ ತಂತಿಯ ಮೇಲೆ ವಿದ್ಯುತ್ತನ್ನು ಸಾಗಿಸುವ ಯೋಜನೆಯನ್ನು ಇಂಜಿನಿಯರ ಲಾಟ್ಬಿನಿಯೇರ ಎಂಬವರು ಸಿದ್ಧಪಡಿಸಿದರು; ಅದಕ್ಕೆ ಹಣವನ್ನೂ ಧೈರ್ಯವನ್ನೂ ಒದಗಿಸಿದವರು ಈ ವಕೀಲ ದಿವಾನರು. ೧೯೦೨ರಲ್ಲಿ ದೀಪ ಹೊತ್ತಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. ೧೯೦೧ರ ಸೆಪ್ಟಂಬರಿನಲ್ಲಿಯೇ ಗತಿಸಿದ್ದರು. ಬೆಂಗಳೂರಿಗೆ ಹೆಸರಘಟ್ಟದ ನೀರು, ೧೮೯೮ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಸವನಗುಡಿ ಮಲ್ಲೇಶ್ವರದ ಬಡಾವಣೆಗಳು, ಮಾರಿಕಣಿವೆಯ ಕಟ್ಟೆಯ ಆರಂಭ, ಇವೆಲ್ಲ ಆ ಕಾಲದವು.

ಆದರೆ ಅವರ ಕಾಲದಲ್ಲಿಯೇ ಮತ್ತೊಂದು ಕೂಗೂ ಎದ್ದಿತು. ದೊಡ್ಡ ಹುದ್ದೆಗಳೆಲ್ಲ ಮದ್ರಾಸಿನವರ ಪಾಲಾದವೆಂದೂ ಮೈಸೂರು ಮೈಸೂರಿಗರಿಗೆ ಸೇರಬೇಕೆಂದೂ ಪತ್ರಿಕೆಗಳು ಬರೆದವು, ಪ್ರತಿನಿಧಿಗಳು ಆಡಿದರು. ಕನ್ನಡಿಗರಾದ ನಮಗೆ ಈ ಕೂಗು ಸಹಜವಾಗಿಯೇ ಹಿತವೆನಿಸುವುದು. ಆದರೂ ಸ್ವಲ್ಪ ತಡೆದು ನೋಡೋಣ. ೧೮೮೧ರಿಂದ ೧೯೪೯ರವರೆಗಿನ ೬೮ ವರ್ಷಗಳಲ್ಲಿ, ನಾವು ಇಂದು ಹೇಳುತ್ತಿರುವ ನಾಲ್ವರೇ ಹೆಚ್ಚುಕಡಿಮೆ ೪೧ ವರ್ಷ ದಿವಾನರಾಗಿದ್ದರು. ಆ ನಾಲ್ವರಲ್ಲಿ ಇಬ್ಬರು ಮದ್ರಾಸು ಇಲಾಖೆಯಿಂದ ಬಂದವರು, ಒಬ್ಬರದು ತೆಲುಗು ಮನೆಮಾತು, ಇನ್ನೊಬ್ಬರ ಅಜ್ಜ ಪಾರಸಿಕ ದೇಶದಿಂದ ಕುದುರೆಗಳನ್ನು ಮಾರಲು ಬಂದವರು. ಪೂರ್ಣಯ್ಯನವರ ವಂಶದ ಕೃಷ್ಣಮೂರ್ತಿಗಳು, ಅರಮನೆಯ ಬಂಧುಗಳಾದ ಕಾಂತರಾಜ ಅರಸಿನವರು ಇವರೂ ನಡುನಡುವೆ ದಿವಾನರಾದರು; ಅವರ ಆಳ್ವಿಕೆಯನ್ನು ಹಗುರಮಾಡುವ ಉದ್ದೇಶ ನಮಗಿಲ್ಲ. ಆದರೆ ಜನ್ಮಭೂಮಿಯೊಂದೇ ಯೋಗ್ಯತೆಯ ಅಳತೆಗೋಲಾಗಿದ್ದರೆ ನಾವು ಇಂದು ಹೆಮ್ಮೆಪಡುವ ಅರ್ಧಕ್ಕರ್ಧ ಕೆಲಸಗಳು ಆಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದಕ್ಕೆ ಕನ್ನಡಾಭಿಮಾನ ಅಡ್ಡಬರಬೇಕಾಗಿಲ್ಲ. ರಂಗಾಚಾರ್ಲು, ಶೇಷಾದ್ರಿ ಅಯ್ಯರು ಇಬ್ಬರೂ ಪೀಠವೇರುವ ಮುನ್ನ ಹದಿಮೂರು, ಹದಿನೈದು ವರ್ಷ ಇದೇ ನೆಲದ ಧೂಳನ್ನು ತುಳಿದಿದ್ದರೆಂಬುದನ್ನು ಮಾತ್ರ ಮರೆಯಬಾರದು. ಬಂದ ದಿನವೇ ಆಳಲು ಕುಳಿತವರಲ್ಲ.

ಇನ್ನು ವಿಶ್ವೇಶ್ವರಯ್ಯನವರು. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯ ಸಂಸ್ಕೃತ ಪಂಡಿತರ ಮಗ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆಹೊರೆದವರು. ಉಪಾಧ್ಯಾಯರಾದ ತಾವು ಇದನ್ನು ವಿಶೇಷವಾಗಿ ಗಮನಿಸಬೇಕು. ಮೈಸೂರು ಸರಕಾರದ ವಿದ್ಯಾರ್ಥಿವೇತನವೊಂದು ಆ ಹುಡುಗನನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. ಕ್ಷಾಮದ ಸಾಲದಲ್ಲಿ ಮುಳುಗಿದ್ದ ಬೊಕ್ಕಸವು ಮಾಡಿದ ಖರ್ಚುಗಳಲ್ಲಿ ಇದಕ್ಕಿಂತ ಹೆಚ್ಚಿನ ಬಡ್ಡಿ ತಂದದ್ದು ಬೇರೊಂದು ಇರಲಾರದು.

೧೮೮೪ರಿಂದ ಅವರು ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯಲ್ಲಿ ದುಡಿದರು. ಸಿಂಧಿನ ಸಕ್ಕರ ಪಟ್ಟಣಕ್ಕೆ ನೀರು ಕೊಟ್ಟರು. ಪುಣೆಯ ಬಳಿಯ ಖಡಕವಾಸಲೆಯ ಕಟ್ಟೆಗೆ ತಾವೇ ತೆರೆದುಕೊಂಡು ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ನಮ್ಮ ದೃಷ್ಟಿಯಲ್ಲಿ ಇವುಗಳಿಗಿಂತ ದೊಡ್ಡ ಘಟನೆ ೧೮೯೮ರಲ್ಲಿ ಅವರು ಜಪಾನಿಗೆ ಹೋಗಿಬಂದದ್ದು. ಏಶಿಯದ ಒಂದು ಜನಾಂಗವು ಶಾಲೆಗಳಿಂದಲೂ ಕೈಗಾರಿಕೆಗಳಿಂದಲೂ ಒಂದೇ ತಲೆಮಾರಿನಲ್ಲಿ ಎದ್ದು ನಿಂತುದನ್ನು ಅವರು ಕಣ್ಣಾರೆ ಕಂಡರು. ೧೯೦೯ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ ಹುದ್ದೆಗೆ ಕರೆ ಬಂದಾಗ ಅವರು ಸಂಬಳದ ಮಾತೆತ್ತಲಿಲ್ಲ; ಯಂತ್ರವಿದ್ಯೆಗೂ ಕೈಗಾರಿಕೆಗೂ ಅವಕಾಶವುಂಟೇ ಎಂದು ಮೊದಲು ವಿಚಾರಿಸಿದರು. ೧೯೧೨ರಲ್ಲಿ ದಿವಾನರಾದರು. ಅವರು ಪೀಠದಲ್ಲಿದ್ದುದು ಆರೇ ವರ್ಷ. ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ವಿಶ್ವವಿದ್ಯಾನಿಲಯ, ಶ್ರೀಗಂಧದ ಎಣ್ಣೆಯ ಕಾರಖಾನೆ.

ಕನ್ನಂಬಾಡಿಯ ಕಥೆಯಲ್ಲಿ ಹಿಂದಿನವರ ಕೆಲಸ ಮುಂದಿನವರನ್ನು ಹೇಗೆ ನೂಕುವುದೆಂಬುದು ಚೆನ್ನಾಗಿ ಕಾಣುವುದು. ಕಾವೇರಿಯು ಬೇಸಗೆಯಲ್ಲಿ ಬಡವಾಗುತ್ತಿದ್ದಳು. ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲದು. ಗಣಿಯವರಿಗೆ ಮಾತು ಕೊಟ್ಟಷ್ಟು ಶಕ್ತಿ ಕೊಡಲೇಬೇಕು. ಮಳೆಗಾಲದ ನೀರನ್ನು ಹಿಡಿದಿಟ್ಟರೆ ಗಣಿಗೆ ವಿದ್ಯುತ್ತೂ ಮಂಡ್ಯದ ಬಯಲಿಗೆ ನೀರೂ ಒಟ್ಟಿಗೆ ದೊರೆಯುವವು. ೧೯೧೧ರಲ್ಲಿ ಕೆಲಸ ಆರಂಭವಾಯಿತು. ಮದ್ರಾಸು ಸರಕಾರದ ತಕರಾರು ಬಂತು, ೧೯೨೪ರಲ್ಲಿ ಒಪ್ಪಂದವಾಯಿತು. ಸಿಮೆಂಟಿನ ಬದಲು ಸುಣ್ಣ ಸುರ್ಕಿಯ ಗಾರೆಯಿಂದಲೇ ಕಟ್ಟಿದ ಆ ಅಣೆಕಟ್ಟು ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು.

ಹೊಗಳಿಕೆ ಇಷ್ಟಕ್ಕೆ ಸಾಕು. ವಿಶ್ವೇಶ್ವರಯ್ಯನವರು ಪೀಠವನ್ನು ಬಿಟ್ಟುದೇಕೆ? ೧೯೧೮ರಲ್ಲಿ ಮಹಾರಾಜರು ನ್ಯಾಯಾಧೀಶ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಸರಕಾರಿ ನೌಕರಿಯಲ್ಲಿ ಬ್ರಾಹ್ಮಣರೇ ತುಂಬಿಕೊಂಡಿರುವರು, ಉಳಿದವರಿಗೆ ದಾರಿಯೇನು ಎಂಬುದು ಪ್ರಶ್ನೆ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಇತರ ಸಮಾಜಗಳಿಗೆ ದೊರೆಯಬೇಕೆಂದು ಸಮಿತಿಯು ಸೂಚಿಸಿತು. ಯೋಗ್ಯತೆಯೊಂದೇ ಮಾನದಂಡವೆಂಬುದು ದಿವಾನರ ನಿಲುವು, ಅವರು ಹೊರಟುಹೋದರು. ಅವರ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಇಲ್ಲಿ ಅವರ ಹಿನ್ನೆಲೆಯೇ ಅವರ ಕಣ್ಣಿಗೆ ಪಟ್ಟಿ ಕಟ್ಟಿತೆಂದು ನಾವು ಹೇಳುವೆವು. ಬಡತನವಿದ್ದರೂ ಅವರ ಮನೆಯಲ್ಲಿ ತಲೆತಲಾಂತರದ ಓದಿತ್ತು. ತಂದೆ ಪಂಡಿತನಾಗಿದ್ದವನ ಬಡತನವೂ, ತಂದೆ ಅಕ್ಷರವನ್ನೇ ಕಾಣದವನ ಬಡತನವೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ. ಶಾಲೆಯ ಬಾಗಿಲೊಳಗೆ ಬಂದವರಲ್ಲಿ ಮಾತ್ರ ಯೋಗ್ಯತೆಯನ್ನು ಹುಡುಕಬಹುದು. ಬಾಗಿಲ ಹೊರಗೆ ನಿಂತವರ ಯೋಗ್ಯತೆಯನ್ನು ಯಾವ ಪರೀಕ್ಷೆ ಅಳೆಯಬಲ್ಲುದು? ರೈತರ ಮಗನೊಬ್ಬನಾಗಲಿ, ಅಸ್ಪೃಶ್ಯರೆನಿಸಿಕೊಂಡವರ ಮಗನೊಬ್ಬನಾಗಲಿ ಆ ೬೮ ವರ್ಷಗಳಲ್ಲಿ ದಿವಾನನಾಗಲಿಲ್ಲ. ಹೆಂಗಸರ ಮಾತಂತೂ ಹೇಳುವುದೇ ಬೇಡ.

ನಾಲ್ಕನೆಯವರಾದ ಮಿರ್ಜಾ ಇಸ್ಮಾಯಿಲರದು ಬೇರೆಯೇ ಶಾಲೆ. ೧೮೮೩ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಗಳು. ಮುಂದೆ ಅವರ ಆಪ್ತ ಕಾರ್ಯದರ್ಶಿಗಳಾಗಿ ೧೯೨೬ರಿಂದ ೧೯೪೧ರವರೆಗೆ ದಿವಾನರು. ಅರಮನೆಯಲ್ಲಿ ಬೆಳೆದವರ ಕಣ್ಣಿಗೆ ಅಂದಚೆಂದ ಬೇಗ ಕಾಣುವುದು. ಅಣೆಕಟ್ಟಿನ ಕೆಳಗೆ ಉದ್ಯಾನ ಬಂತು, ಹಳ್ಳಿಗಳಿಗೆ ವಿದ್ಯುದ್ದೀಪ ಬಂತು, ಮಂಡ್ಯದಲ್ಲಿ ಸಕ್ಕರೆ, ಭದ್ರಾವತಿಯಲ್ಲಿ ಕಾಗದ, ೧೯೪೦ರಲ್ಲಿ ಬೆಂಗಳೂರಿಗೆ ವಿಮಾನದ ಕಾರಖಾನೆ ಬಂದವು. ನಾಲೆಯ ನೀರಿನ ಜೊತೆಗೆ ಮಂಡ್ಯಕ್ಕೆ ಮಲೇರಿಯವೂ ಬಂತು. ಉಷ್ಣವಲಯದಲ್ಲಿ ನಿಂತ ನೀರು ಹೊನ್ನನ್ನೂ ಕೊಡುವುದು, ಚಳಿಜ್ವರವನ್ನೂ ಕೊಡುವುದು. ಇಂಜಿನಿಯರನಿಗೆ ನೀರಿನ ಲೆಕ್ಕ ಗೊತ್ತು, ಸೊಳ್ಳೆಯ ಲೆಕ್ಕ ವೈದ್ಯನಿಗೆ ಗೊತ್ತು. ಇಬ್ಬರನ್ನೂ ಒಂದೇ ಮೇಜಿನ ಬಳಿ ಕೂಡಿಸುವುದು ನಾಯಕನ ಕೆಲಸ. ಆದರೆ ಅರಮನೆಯಲ್ಲಿ ಪಳಗಿದ ಈ ದಿವಾನರಿಗೆ ಬೀದಿಯ ಕೂಗು ಅಷ್ಟು ಸ್ಪಷ್ಟವಾಗಿ ಕೇಳಿಸಲಿಲ್ಲ. ಜವಾಬ್ದಾರಿ ಸರಕಾರ ಬೇಕೆಂದು ಜನ ಎದ್ದರು. ೧೯೩೮ರ ಏಪ್ರಿಲ್ ೨೫ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ವಿಶ್ವೇಶ್ವರಯ್ಯನವರ ಹುಟ್ಟೂರೂ ಈ ವಿದುರಾಶ್ವತ್ಥವೂ ಇಂದು ಒಂದೇ ಜಿಲ್ಲೆಯಲ್ಲಿವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರು ಎರಡನ್ನೂ ತೋರಿಸಬೇಕು.

ಇಷ್ಟಾದರೂ ಮೈಸೂರಿಗೆ ದಿವಾನರಾದರೂ ಇದ್ದರು. ಕನ್ನಡ ನಾಡಿನ ಉಳಿದ ಭಾಗಗಳಿಗೆ? ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಲೆಕ್ಟರರು ಮುಂಬಯಿಗೆ ಮುಖಮಾಡಿ ಕುಳಿತವರು, ಬಳ್ಳಾರಿ ಮಂಗಳೂರಿನವರು ಮದ್ರಾಸಿಗೆ. ಬೀದರ, ಕಲಬುರ್ಗಿ, ರಾಯಚೂರುಗಳ ಅಧಿಕಾರಿಗಳಿಗೆ ಹೈದರಾಬಾದೇ ಎಲ್ಲ. ಹದಿನೈದು ವರ್ಷ ಒಂದೇ ಸೀಮೆಯಲ್ಲಿ ಸವೆದು, ಅನಂತರ ಅದೇ ಸೀಮೆಗೆ ಉತ್ತರ ಹೇಳಬೇಕಾದ ಒಬ್ಬ ಶೇಷಾದ್ರಿ ಅಯ್ಯರು ಆ ಜಿಲ್ಲೆಗಳಿಗೆ ದೊರೆಯಲಿಲ್ಲ. ೧೯೫೬ರಲ್ಲಿ ನಾಡು ಒಂದಾಯಿತು. ಆದರೆ ಎಪ್ಪತ್ತೈದು ವರ್ಷಗಳ ಅಂತರವು ನಕ್ಷೆಯ ಗೆರೆಯ ಜೊತೆಗೆ ಅಳಿಸಿಹೋಗಲಿಲ್ಲ. ಅರ್ಥಶಾಸ್ತ್ರಜ್ಞರಾದ ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಲೆಕ್ಕ ಹಾಕಿ, ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದಿವೆಯೆಂದೂ ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದಿವೆಯೆಂದೂ ಹೇಳಿತು. ಆ ೩೯ರಲ್ಲಿ ೨೬ ಉತ್ತರ ಕರ್ನಾಟಕದವು.

ಆ ೨೬ ತಾಲೂಕುಗಳಿಗೆ ಹಣ ಎಷ್ಟು ಬಂತೆಂದು ಎಲ್ಲರೂ ಕೇಳುತ್ತಾರೆ; ಕೇಳಲಿ. ತಾವು ಇನ್ನೂ ಒಂದನ್ನು ಕೇಳಬೇಕೆಂದು ನಮ್ಮ ಬಿನ್ನಹ. ಅಲ್ಲಿಗೆ ಬಂದ ಅಧಿಕಾರಿ ಎಷ್ಟು ತಿಂಗಳು ಇದ್ದನು? ಅವನಿಗೆ ಆ ಊರಿನ ಕೆರೆಯ ಹೆಸರು ಗೊತ್ತಿತ್ತೆ? ಆ ತಾಲೂಕಿನ ಶಾಲೆಯಿಂದ ಮನೆಪಾಠ ಹೇಳಿ ಓದಿದ ಹುಡುಗನಿಗಾಗಲಿ ಹುಡುಗಿಗಾಗಲಿ ಪುಣೆಗೆ ಹೋಗುವಷ್ಟು ವಿದ್ಯಾರ್ಥಿವೇತನ ಈ ವರ್ಷ ಸಿಕ್ಕಿತೆ?