ಆಮ್ಲಜನಕವಿಲ್ಲದ ಆಮ್ಲ

ಕೆಲವು ಪದಗಳು ಹಳೆಯ ತಪ್ಪೊಂದನ್ನು ಒಡಲಲ್ಲಿ ಇಟ್ಟುಕೊಂಡೇ ಭಾಷೆಯಲ್ಲಿ ಬಾಳುತ್ತವೆ. ‘ಆಮ್ಲಜನಕ’ ಅಂಥದೊಂದು ಪದ. ಆಮ್ಲವನ್ನು ಹುಟ್ಟಿಸುವುದು ಎಂಬುದು ಅದರ ಅರ್ಥ. ಹುಳಿಯಾದ ಪದಾರ್ಥಗಳೆಲ್ಲದರಲ್ಲಿಯೂ ಈ ಅನಿಲ ಇದ್ದೇ ತೀರಬೇಕೆಂದು ನಂಬಿದ್ದ ಫ್ರಾನ್ಸಿನ ಲಾವೋಸಿಯೆ, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರೀಕ್ ಧಾತುಗಳನ್ನು ಹೆಣೆದು ‘ಆಕ್ಸಿಜನ್’ ಎಂಬ ಹೆಸರನ್ನು ಕಟ್ಟಿದನು. ಅದರ ಅಕ್ಷರಶಃ ಅನುವಾದವೇ ನಮ್ಮ ಆಮ್ಲಜನಕ. ಹೆಸರು ನಿಂತಿತು, ನಂಬಿಕೆ ನಿಲ್ಲಲಿಲ್ಲ. ಅದನ್ನು ಕೆಡವಿದ್ದು ಹೈಡ್ರೋಕ್ಲೋರಿಕ್ ಆಮ್ಲ.

ಅಡುಗೆಯ ಉಪ್ಪಿಗೆ ಗಂಧಕಾಮ್ಲವನ್ನು ಬೆರೆಸಿ ಕಾಯಿಸಿದರೆ ಘಾಟಾದ ಅನಿಲವೊಂದು ಏಳುತ್ತದೆ. ಅದು ನೀರಿನಲ್ಲಿ ಕರಗಿದರೆ ಈ ಆಮ್ಲ. ಉಪ್ಪಿನ ಹುಳಿ ಎಂಬ ಅರ್ಥದ ಹೆಸರಿನಿಂದಲೇ ಜರ್ಮನರು ಇಂದಿಗೂ ಇದನ್ನು ಕರೆಯುತ್ತಾರೆ. ಇದರಲ್ಲಿ ಆಮ್ಲಜನಕವನ್ನು ಹುಡುಕಿ ಹುಡುಕಿ ಹಲವರು ಸೋತರು. 1810ರಲ್ಲಿ ಲಂಡನ್ನಿನ ಹಂಫ್ರಿ ಡೇವಿ, ಇದರಲ್ಲಿರುವುದು ಜಲಜನಕ ಮತ್ತು ಕ್ಲೋರಿನ್ ಎಂಬ ಎರಡೇ ಧಾತುಗಳೆಂದು ನಿರ್ಧರಿಸಿದನು. ಹುಳಿಯ ಗುಟ್ಟು ಜಲಜನಕದಲ್ಲಿದೆ ಎಂಬ ದಾರಿಗೆ ಶಾಸ್ತ್ರ ತಿರುಗಿದ್ದು ಹೀಗೆ. ಹೆಸರಿಡುವ ಕೆಲಸ ಇನ್ನೊಂದು ಐವತ್ತು ವರ್ಷ ತಡವಾಗಿದ್ದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಜಲಜನಕವೇ ಆಮ್ಲಜನಕವಾಗಿರುತ್ತಿತ್ತೋ ಏನೋ!

ಲೋಹಗಳ ಎದುರಿನಲ್ಲಿ ಈ ಗುಟ್ಟು ಬಯಲಾಗುತ್ತದೆ. ನೀರು ಬೆರೆಸಿದ ಆಮ್ಲದಲ್ಲಿ ಸತುವಿನ ಚೂರೊಂದನ್ನು ಹಾಕಿದರೆ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳು ಜಲಜನಕ. ಅದು ಬಿಟ್ಟುಕೊಟ್ಟ ಸ್ಥಾನವನ್ನು ಸತುವು ಆಕ್ರಮಿಸಿ, ಕ್ಲೋರಿನ್ನಿನೊಡನೆ ಕೂಡಿ ಲವಣವಾಗುತ್ತದೆ. ಮೆಗ್ನೀಸಿಯಮ್ಮಿಗೆ ಬಲು ಆತುರ; ಕಬ್ಬಿಣದ್ದು ನಿಧಾನ. ತಾಮ್ರ, ಬೆಳ್ಳಿ, ಚಿನ್ನಗಳಿಗಾದರೋ ಜಲಜನಕವನ್ನು ಹೊರಡಿಸುವ ಶಕ್ತಿಯಿಲ್ಲ.

ಹಾಗಾದರೆ ಮಂಕಾದ ತಾಮ್ರದ ಬಿಂದಿಗೆ ಹುಣಿಸೆಹುಳಿಗೆ ಹೊಳೆಯುವುದು ಹೇಗೆ? ಹುಣಿಸೆಯ ಆಮ್ಲ ಬೇರೆಯಾದರೂ ನ್ಯಾಯ ಒಂದೇ. ಹುಳಿ ಕರಗಿಸುವುದು ತಾಮ್ರದ ಮೇಲೆ ಕಟ್ಟಿದ ಕಂದು ಪೊರೆಯನ್ನು, ಹಸಿರು ಕಿಲುಬನ್ನು. ಕೆಳಗಿನ ಲೋಹವನ್ನು ಅದು ಬಿಟ್ಟುಬಿಡುತ್ತದೆ. ಆ ಕಂದು ಪೊರೆ ತಾಮ್ರದ ಆಕ್ಸೈಡು, ಅಂದರೆ ಒಂದು ಪ್ರತ್ಯಾಮ್ಲ.

ಈ ಪದವನ್ನು ನಾನು ಮೆಚ್ಚುತ್ತೇನೆ. ‘ಪ್ರತಿ’ಗೆ ‘ಆಮ್ಲ’ ಸೇರಿ ಯಣ್ ಸಂಧಿಯಾದ ಈ ಮಾತು ತನ್ನ ಕೆಲಸವನ್ನು ತಾನೇ ಹೇಳುತ್ತದೆ. 40 ಗ್ರಾಂ ಕಾಸ್ಟಿಕ್ ಸೋಡಾ 36.5 ಗ್ರಾಂ ಹೈಡ್ರೋಜನ್ ಕ್ಲೋರೈಡಿಗೆ ಎದುರಾದಾಗ ದೊರೆಯುವುದು 58.5 ಗ್ರಾಂ ಉಪ್ಪು, 18 ಗ್ರಾಂ ನೀರು. ಪಾತ್ರೆ ಬಿಸಿಯಾಗುತ್ತದೆ. ಚರ್ಮವನ್ನು ಸುಡಬಲ್ಲ ಎರಡು ವಸ್ತುಗಳು ಕೂಡಿ, ಸಾರಿಗೆ ಹಾಕುವ ಉಪ್ಪಾಗುವುದನ್ನು ನೋಡಿ! ಇದೇ ಆಮ್ಲ ಜಠರದಲ್ಲಿಯೂ ಇದೆಯೆಂದು ವಿಲಿಯಂ ಪ್ರೌಟ್ ಎಂಬ ವೈದ್ಯ 1824ರಲ್ಲಿ ಪ್ರಕಟಿಸಿದನು. ಹೊಟ್ಟೆಯುರಿಗೆ ಕುಡಿಯುವ ಬಿಳಿಯ ಮೆಗ್ನೀಸಿಯಾ ಪ್ರತ್ಯಾಮ್ಲ. ಅಡುಗೆ ಸೋಡಾವಾದರೋ ಲವಣಗಳ ಪಂಗಡಕ್ಕೆ ಸೇರಿದ್ದು; ಅದನ್ನು ಕುಡಿದವರಿಗೆ ಬರುವ ದೊಡ್ಡ ತೇಗು ಆಮ್ಲವು ಅದರಿಂದ ಹೊರಡಿಸಿದ ಇಂಗಾಲದ ಡೈಆಕ್ಸೈಡು.

ಲವಣಗಳಲ್ಲೆಲ್ಲ ಈ ಆಮ್ಲಕ್ಕೆ ತಟ್ಟನೆ ಸೋಲುವವು ಕಾರ್ಬೊನೇಟುಗಳು. ಮೊಟ್ಟೆಯ ಚಿಪ್ಪು, ಕಪ್ಪೆಚಿಪ್ಪು, ಅಮೃತಶಿಲೆ, ಎಲ್ಲವೂ ನೊರೆಗರೆಯುತ್ತವೆ. ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು ಕೂಡ ಸುಣ್ಣಕಲ್ಲಿನ ಜಾತಿಯದೇ. ಬಚ್ಚಲಿಗೆ ಆ ಕಲ್ಲನ್ನು ಹಾಸಿಸಿ, ಕೊಳೆ ಹೋಗಲೆಂದು ಅಂಗಡಿಯ ‘ಆಸಿಡ್’ ಸುರಿಯುವವರು ಕೊಳೆಯೊಡನೆ ಕಲ್ಲನ್ನೂ ಕರಗಿಸುತ್ತಾರೆ. ನೆಲ ಬೆಳ್ಳಗಾಯಿತೆಂದು ಸಂತೋಷಪಡುತ್ತಾರೆ; ಮರುವರ್ಷ ಅದೇ ನೆಲ ಉರುಟಾಗಿ ಮೊದಲಿಗಿಂತ ಹೆಚ್ಚು ಕೊಳೆ ಹಿಡಿಯುತ್ತದೆ. ಗ್ರಾನೈಟು ಹೀಗೆ ನೊರೆಯೇಳುವುದಿಲ್ಲ.

ಕಲ್ಲು ಹೋದರೆ ಬೇರೆ ಹಾಸಬಹುದು. ಭಯಪಡಬೇಕಾದ ಲವಣ ಇನ್ನೊಂದಿದೆ, ಅದು ಬ್ಲೀಚಿಂಗ್ ಪುಡಿಯಲ್ಲಿರುವುದು. ಶೌಚಾಲಯ ತೊಳೆಯಲು ಮಾರುವ ಅನೇಕ ದ್ರವಗಳಲ್ಲಿ ನೂರಕ್ಕೆ ಸುಮಾರು 10 ಪಾಲು ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಒಂದರಿಂದ ಹೋಗದ ಕಲೆ ಎರಡರಿಂದ ಹೋದೀತೆಂದು ಅದರ ಮೇಲೆ ಬ್ಲೀಚಿಂಗ್ ಪುಡಿಯನ್ನು ಚೆಲ್ಲಿದರೆ ಕ್ಲೋರಿನ್ ಬಿಡುಗಡೆಯಾಗುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು ಉಜ್ಜುವವರ ಮುಖವೂ ಅದೇ ಮಟ್ಟದಲ್ಲಿರುತ್ತದೆ. ಆ ಕೆಲಸ ಮಾಡುವವರು ಬಹುಪಾಲು ಹೆಂಗಸರು, ಮನೆಗೆಲಸದವರು. ಶೀಶೆಯ ಮೇಲಿನ ಸಣ್ಣ ಅಕ್ಷರಗಳ ಇಂಗ್ಲಿಷು ಎಷ್ಟೋ ಮಂದಿಗೆ ಓದಲು ಬಾರದು. ಆದುದರಿಂದ ಮನೆಯವರೇ ಬಾಯಿಬಿಟ್ಟು ಹೇಳಬೇಕು: ಎರಡನ್ನೂ ಒಟ್ಟಿಗೆ ಬಳಸಬಾರದು, ಒಂದೇ ಕಡೆ ಇಡಬಾರದು. ತಪ್ಪಿ ಬೆರೆತು ಘಾಟು ಬಂದರೆ ತೊಳೆಯುತ್ತ ನಿಲ್ಲದೆ ಕೂಡಲೇ ಹೊರಗಿನ ಗಾಳಿಗೆ ಬರಬೇಕು. ಕೆಮ್ಮು, ಎದೆಬಿಗಿತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.